ಕಾಲೊನಿಯ ಕೊಳಚೆಗೆ ಜೊಂಡಿನ ಪಾತಿ: ಕಟ್ಟುವವರು ಸಿಕ್ಕಿದ್ದಾರೆ, ನೋಡಿಕೊಳ್ಳುವವರು ಯಾರು?

ಕಾಲುವೆ ದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ರಾಜಕಾಲುವೆಗೆ ಬೆನ್ನು ಮಾಡಿಕೊಂಡಿರುವ ಕಾಲೊನಿ ನಮ್ಮದು. 84 ಮನೆ, ಸುಮಾರು 350 ಜನ. ಗಾರೆ ಕೆಲಸ, ಗಾರ್ಮೆಂಟ್ಸ್, ಮನೆಗೆಲಸ, ಆಟೊ ಇವೇ ನಮ್ಮ ಜೀವನ. ಒಳಚರಂಡಿ ಕೊಳವೆ ಮುಖ್ಯರಸ್ತೆಯ ತನಕ ಬಂದು ನಿಂತು ಏಳು ವರ್ಷವಾಯಿತು. ನಮ್ಮ ಬೀದಿ ರಸ್ತೆಗಿಂತ ಒಂದಾಳು ತಗ್ಗಿನಲ್ಲಿದೆ, ಪಂಪ್ ಇಲ್ಲದೆ ನೀರು ಮೇಲೆ ಹತ್ತುವುದಿಲ್ಲ. ಹೀಗಾಗಿ ಎಲ್ಲರ ಕೊಳಚೆಯೂ ಮನೆ ಹಂಚಿದಾಗ ಕಟ್ಟಿಸಿದ ಒಂದೇ ಸೆಪ್ಟಿಕ್ ಟ್ಯಾಂಕ್‌ಗೆ ಹೋಗಿ, ಅಲ್ಲಿಂದ ಉಕ್ಕಿ ಕಾಲುವೆಗೆ ಬೀಳುತ್ತದೆ. ಜೋರು ಮಳೆ ಬಂದರೆ ಅದೇ ನೀರು ಕಾಲುವೆಯಿಂದ ತಿರುಗಿ ನಮ್ಮ ಹೊಸ್ತಿಲಿಗೆ ಬರುತ್ತದೆ.

ಟ್ಯಾಂಕ್ ಪಕ್ಕದಲ್ಲಿ 60×80 ಅಡಿ ಜಾಗ ಖಾಲಿ ಬಿದ್ದಿದೆ. ಒಂದು ಕಂಪನಿಯವರು ತಮ್ಮ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಅಲ್ಲಿ ‘ನಿರ್ಮಿತ ಜೌಗು’ ಮಾಡಿಕೊಡುತ್ತೇವೆ ಎಂದಿದ್ದಾರೆ. ಜಲ್ಲಿ ತುಂಬಿದ ಪಾತಿಯಲ್ಲಿ ಜೊಂಡು, ಕಾಬಾಳೆ ನೆಡುವುದು, ಕೊಳಚೆ ಅದರೊಳಗೆ ಹಾದು ತಿಳಿಯಾಗುವುದು. ಕರೆಂಟ್ ಬೇಡವಂತೆ, ಹೂವು, ಮೇವು ಮಾರಿ ಹೆಂಗಸರ ಸಂಘಕ್ಕೆ ಆದಾಯವೂ ಬರುತ್ತದಂತೆ. ತೋರಿಸಿದ ಚಿತ್ರಗಳು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹಾಗೆ ಇದ್ದವು, ಅದಕ್ಕೇ ನನಗೆ ಅನುಮಾನ. ಇದು ನಿಜವಾಗಿ ಕೆಲಸ ಮಾಡುತ್ತದೆಯೇ? ವಾಸನೆ, ಸೊಳ್ಳೆ ಎಷ್ಟು? ತಿಳಿದವರು ಹೇಳಿ.

ಕೋಡಿ ನೀರು

ಮಾಡುತ್ತದೆ. ನಾನು ಮೂವತ್ತು ವರ್ಷ ನೀರು, ಚರಂಡಿ ಕೆಲಸದಲ್ಲೇ ಇದ್ದು ನಿವೃತ್ತನಾದವನು, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಮೊದಲು ಒಂದು ತಪ್ಪು ತಿಳಿವಳಿಕೆ. ಗಿಡ ಕೊಳೆಯನ್ನು ‘ಕುಡಿಯುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಗಿಡ ಕುಡಿಯುವುದು ಸ್ವಲ್ಪವೇ. ಬಚ್ಚಲ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುವ ಲೋಳೆ ಇದೆಯಲ್ಲ, ಅಂಥದ್ದೇ ಲೋಳೆ ಪ್ರತಿ ಜಲ್ಲಿಕಲ್ಲಿನ ಮೈಗೆ ಅಂಟಿಕೊಂಡು ಬೆಳೆಯುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ. ಗಿಡದ ಬೇರು ಜಲ್ಲಿಯನ್ನು ಸಡಿಲವಾಗಿಡುತ್ತದೆ, ಕೊಂಚ ಆಮ್ಲಜನಕವನ್ನು ಕೆಳಗಿಳಿಸುತ್ತದೆ, ಸಾರಜನಕ ಮತ್ತು ರಂಜಕದಲ್ಲಿ ಒಂದು ಪಾಲನ್ನು ಎಳೆದುಕೊಳ್ಳುತ್ತದೆ. ಆ ಪಾಲು ಹೊರಗೆ ಹೋಗಬೇಕಾದರೆ ಗಿಡವನ್ನು ಕೊಯ್ಯಬೇಕು. ಕೊಯ್ಯದೆ ಬಿಟ್ಟರೆ ಒಣಗಿ ಅಲ್ಲೇ ಬಿದ್ದು, ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. 1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಎಂಬ ವಿಜ್ಞಾನಿ ಜೊಂಡಿನ ಜಾತಿಯ ಗಿಡಗಳಿಂದ ಕೊಳಚೆ ತಿಳಿಗೊಳಿಸುವ ಪ್ರಯೋಗ ಮಾಡಿದರು. ಆಮೇಲೆ ಲೋಕವೆಲ್ಲ ಹಬ್ಬಿತು. ಹೊಸದೇನೂ ಅಲ್ಲ.

ಈಗ ನಿಮ್ಮ ಲೆಕ್ಕ. 60×80 ಅಡಿ ಎಂದರೆ ಸುಮಾರು 446 ಚದರ ಮೀಟರ್. ದಂಡೆ, ಓಡಾಡುವ ದಾರಿ ಬಿಟ್ಟರೆ 400 ಸಿಗಬಹುದು. ನಮ್ಮಂಥ ಬೆಚ್ಚಗಿನ ಊರಿನಲ್ಲಿ, ನೀರು ಪಾತಿಗೆ ಬರುವ ಮೊದಲು ಒಳ್ಳೆಯ ಟ್ಯಾಂಕಿನಲ್ಲಿ ಹಾದು ಬಂದರೆ, ತಲೆಗೆ ಒಂದರಿಂದ ಎರಡು ಚದರ ಮೀಟರ್ ಸಾಕು. ನಿಮ್ಮದು ತಲೆಗೆ ಒಂದು ಚಿಲ್ಲರೆ ಬರುತ್ತದೆ. ಬಿಗಿ, ಆದರೂ ಆಗದ್ದಲ್ಲ. ನಿಮ್ಮ ಕಡೆ ತಲೆಗೆ ದಿನಕ್ಕೆ 80 ಲೀಟರ್ ಎಂದುಕೊಂಡರೆ ಒಟ್ಟು 28,000 ಲೀಟರ್. ಪಾತಿಯ ಜಲ್ಲಿ 60 ಸೆಂಟಿಮೀಟರ್ ಆಳ ಇದ್ದು, ಕಲ್ಲುಗಳ ಸಂದಿನಲ್ಲಿ ಶೇ 40 ಜಾಗ ಇದ್ದರೆ 96,000 ಲೀಟರ್ ಹಿಡಿಯುತ್ತದೆ. ಎಂದರೆ ನೀರು ಒಳಗೆ ಮೂರೂವರೆ ದಿನ ನಿಂತು ಹೊರಬರುತ್ತದೆ. ಚೆನ್ನಾಗಿಯೇ ಇದೆ.

ಆದರೆ ಇದರಲ್ಲೊಂದು ಮೋಸವಿದೆ. ಬಡವರ ಬೀದಿಯಲ್ಲಿ ನೀರು ಕಡಿಮೆ ಬಳಸುತ್ತಾರೆ, ಆದ್ದರಿಂದ ಪಾತಿ ಚಿಕ್ಕದಾದರೂ ನಡೆಯುತ್ತದೆ ಎಂದು ನಕ್ಷೆ ಬರೆಯುವವರು ಜಾಗ ಉಳಿಸುತ್ತಾರೆ. ನೀರು ಕಡಿಮೆಯಾದರೆ ಕೊಳೆ ಕಡಿಮೆಯಾಗುವುದಿಲ್ಲ, ಗಟ್ಟಿಯಾಗುತ್ತದೆ. ಹೊಟ್ಟೆ ಎಲ್ಲರದ್ದೂ ಒಂದೇ ತಾನೆ! ಪಾತಿಯ ಅಳತೆಯನ್ನು ತಲೆಯೆಣಿಕೆಯಿಂದ ಮಾಡಿ, ಲೀಟರಿನಿಂದ ಮಾಡಬೇಡಿ.

ವಾಸನೆ, ಸೊಳ್ಳೆ: ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗಿದ್ದರೆ ಎರಡೂ ಇಲ್ಲ. ಮೇಲೆ ನೀರು ಕಾಣಿಸಿಕೊಂಡಿತೋ, ಎರಡೂ ಇವೆ.

ಹೊನಗೊನ್ನೆ

ನಿಮಗೆ ನಿರುತ್ಸಾಹ ಮಾಡಲು ಬರೆಯುತ್ತಿಲ್ಲ ಅಣ್ಣ, ನಮ್ಮ ಕಾಲೊನಿಯಲ್ಲಿ ಇಂಥದ್ದೇ ಒಂದು ಇತ್ತು. ಉದ್ಘಾಟನೆಯ ದಿನ ಕೆಂಪು ಕಾಬಾಳೆ ಹೂವು ನೋಡಲು ಎರಡು ಕಣ್ಣು ಸಾಲದಾಗಿತ್ತು. ಮೈಕ್, ಶಾಲು, ಉಪ್ಪಿಟ್ಟು ಎಲ್ಲ ಆಯಿತು. ಹೊರಬರುವ ನೀರು ಎಷ್ಟು ತಿಳಿಯಾಗಿತ್ತೆಂದರೆ ಅತಿಥಿಯೊಬ್ಬರು ಗಾಜಿನ ಲೋಟದಲ್ಲಿ ಹಿಡಿದು ಸೂರ್ಯನಿಗೆ ತೋರಿಸಿದರು. ಕುಡಿಯಲಿಲ್ಲ, ಅದು ಬೇರೆ ಮಾತು.

ಅದನ್ನು ನೋಡಿಕೊಳ್ಳಲು ನಮ್ಮ ಬೀದಿಯ ಒಬ್ಬ ಅಕ್ಕನನ್ನು ಇಟ್ಟರು. ತಿಂಗಳಿಗೆ ಮೂರು ಸಾವಿರ. ಬೆಳಿಗ್ಗೆ ಎದ್ದು ಒಳಬಾಯಿಯ ಜಾಲರಿಗೆ ಸಿಕ್ಕಿದ ಕಸ ತೆಗೆಯುವುದು ಆಕೆಯ ಮೊದಲ ಕೆಲಸ. ಏನು ಕಸ ಎಂದು ಕೇಳಬೇಡಿ: ಶಾಂಪೂ ಪೊಟ್ಟಣ, ಗುಟ್ಕಾ ಚೀಟಿ, ಕೂದಲ ಉಂಡೆ, ಹೆಂಗಸರ ಪ್ಯಾಡು, ಒಂದು ದಿನ ಮಗುವಿನ ಚಪ್ಪಲಿ. ಉದ್ದ ಹಿಡಿಯ ಕುಂಟೆಯಿಂದ ಎಳೆದು, ಬಕೆಟ್‌ಗೆ ತುಂಬಿ, ಸುಣ್ಣ ಹಾಕುತ್ತಿದ್ದಳು. ಎರಡು ವರ್ಷಕ್ಕೆ ಯೋಜನೆಯ ಅವಧಿ ಮುಗಿಯಿತು, ಸಂಬಳವೂ ಮುಗಿಯಿತು. ಇನ್ನೂ ನಾಲ್ಕು ತಿಂಗಳು ಸುಮ್ಮನೆ ಮಾಡಿದಳು. ಆಮೇಲೆ ಎರಡು ಮನೆಯ ಪಾತ್ರೆ ಕೆಲಸ ಹಿಡಿದಳು. ಅವಳದ್ದು ತಪ್ಪು ಎನ್ನುವ ಬಾಯಿ ನನಗಿಲ್ಲ.

ಜಾಲರಿ ಕಟ್ಟಿತು, ನೀರು ಜಲ್ಲಿಯ ಮೇಲೆ ಹರಿಯಿತು, ಕೋಡಿ ನೀರು ಸರ್ ಹೇಳಿದ ಹಾಗೆ ಸೊಳ್ಳೆ ಬಂತು. ಜನ ಬೈದರು. ಯಾರೋ ಒಂದು ಲೋಡ್ ಕಟ್ಟಡದ ಮಣ್ಣು ತಂದು ಸುರಿದರು. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಒಂದು ಮೂಲೆಯಲ್ಲಿ ಕಾಬಾಳೆ ಈಗಲೂ ಹೂ ಬಿಡುತ್ತದೆ.

ನಗರವಾಸಿ_ಜಯನಗರ

ಇದೇ ಸಮಸ್ಯೆ. ಯಾವ ಯೋಜನೆ ಬಂದರೂ ಜನರಲ್ಲಿ ‘ಇದು ನಮ್ಮದು’ ಎಂಬ ಭಾವನೆ ಇರುವುದಿಲ್ಲ. ಕಸವನ್ನು ಶೌಚಾಲಯಕ್ಕೆ ಹಾಕುವುದನ್ನು ಮೊದಲು ನಿಲ್ಲಿಸಲಿ. ಕೋಲ್ಕತ್ತದ ಪೂರ್ವದಲ್ಲಿ ನೋಡಿ, ಬಡ ಮೀನುಗಾರರು ಯಾರ ಹಂಗೂ ಇಲ್ಲದೆ ನಗರದ ಕೊಳಚೆಯಲ್ಲಿ ದೊಡ್ಡ ಪಾಲನ್ನು ಸಂಸ್ಕರಿಸಿ ಮೀನು ಬೆಳೆಯುತ್ತಾರೆ.

ಹೊನಗೊನ್ನೆ

ನಾನು ಕೆಲಸ ಮಾಡುವ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ಶುದ್ಧೀಕರಣ ಘಟಕವಿದೆ. ಅದಕ್ಕೆ ಪಾಳಿಯಂತೆ ಮೂವರು ಆಪರೇಟರ್‌ಗಳು, ವರ್ಷದ ಗುತ್ತಿಗೆ, ಕೆಟ್ಟರೆ ಬರುವ ಮೆಕ್ಯಾನಿಕ್. ಅಲ್ಲಿಯೂ ಜಾಲರಿಗೆ ಪ್ಯಾಡ್ ಸಿಕ್ಕುತ್ತದೆ, ಆಪರೇಟರ್ ಹೇಳಿದ್ದಾರೆ. ಅಲ್ಲಿನ ಫ್ಲ್ಯಾಟಿನವರಿಗೆ ‘ಇದು ನಮ್ಮದು’ ಎಂಬ ಭಾವನೆ ಇದೆಯೇ ಎಂದು ಯಾರೂ ಕೇಳಿಲ್ಲ. ದುಡ್ಡು ಕೊಡುತ್ತಾರೆ, ಕೆಲಸ ನಡೆಯುತ್ತದೆ. ನಮ್ಮ ಬೀದಿಗೆ ಬಂದಾಗ ಮಾತ್ರ ಭಾವನೆ ಏಕೆ ಬೇಕು ಸ್ವಾಮಿ?

ಕೋಡಿ ನೀರು

ಹೊನಗೊನ್ನೆ ಅವರು ಹೇಳುತ್ತಿರುವುದು ಸರಿ. ಕೋಲ್ಕತ್ತದ ಹೋಲಿಕೆಯೂ ಇಲ್ಲಿ ಕೂರುವುದಿಲ್ಲ. ಅದು 12,500 ಹೆಕ್ಟೇರ್ ಪ್ರದೇಶ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2002ರಲ್ಲಿ ಸೇರಿದೆ. ಅಲ್ಲಿಯ ಭೇರಿಗಳಲ್ಲಿ, ಎಂದರೆ ಕೊಳಚೆ ಬಿಟ್ಟು ಮೀನು ಸಾಕುವ ಕೊಳಗಳಲ್ಲಿ, ಬಿಸಿಲು, ಪಾಚಿ, ಮೀನು ಸೇರಿ ಕೆಲಸ ಮಾಡುತ್ತವೆ. ಎಷ್ಟು ಕೊಳಚೆ ಯಾವಾಗ ಬಿಡಬೇಕು ಎಂಬುದು ಅಲ್ಲಿಯ ಮೀನುಗಾರರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಸರ್ಕಾರದ ಇಂಜಿನಿಯರ್ ಆಗಿದ್ದ ಧ್ರುಬಜ್ಯೋತಿ ಘೋಷ್ ಆ ವಿದ್ಯೆಯನ್ನು ಹೊರಜಗತ್ತಿಗೆ ತಿಳಿಸಿ, ಆ ಜಾಗ ನಿವೇಶನವಾಗದಂತೆ ಜೀವಮಾನವಿಡೀ ಹೋರಾಡಿದರು. ಆ ಮೀನುಗಾರರು ‘ಸುಮ್ಮನೆ’ ಮಾಡುತ್ತಿಲ್ಲ, ಅವರ ಕೂಲಿ ಮೀನಿನಲ್ಲಿದೆ. 60×80 ಅಡಿಯಲ್ಲಿ ಯಾವ ಮೀನು ಬೆಳೆಯುತ್ತೀರಿ?

ಬೆಂಗಳೂರಿನ ಉದಾಹರಣೆ ಬೇಕಾದರೆ ಜಕ್ಕೂರು ಕೆರೆಗೆ ಹೋಗಿ ಬನ್ನಿ. ಸುಮಾರು 160 ಎಕರೆ ಕೆರೆ. ಜಲಮಂಡಳಿಯ ಘಟಕ ಮೊದಲು ಕೊಳಚೆಯನ್ನು ಸಂಸ್ಕರಿಸುತ್ತದೆ, ಆ ನೀರು ಜೊಂಡಿನ ಜೌಗಿನಲ್ಲಿ ಹಾದು ಕೆರೆಗೆ ಇಳಿಯುತ್ತದೆ. ಅಲ್ಲಿ ಜೌಗು ಮಾಡುವುದು ಕೊನೆಯ ಹೊಳಪು ಕೊಡುವ ಕೆಲಸ. ಒರಟು ಕೆಲಸವನ್ನೆಲ್ಲ ಹಿಂದಿನ ಘಟಕ ಮುಗಿಸಿರುತ್ತದೆ. ನಿಮ್ಮಲ್ಲೂ ನೀರು ಪಾತಿಗೆ ಬರುವ ಮೊದಲು ಅಂಥದ್ದೊಂದು ಬೇಕು: ಅಡ್ಡಗೋಡೆಗಳ ನಡುವೆ ನೀರು ಕೆಳಗೆ ಮೇಲೆ ಹಾದು ಹೋಗುವ ಟ್ಯಾಂಕ್. ಬರೀ ಜಲ್ಲಿ, ಗಿಡ ತೋರಿಸುವವರನ್ನು ನಂಬಬೇಡಿ.

ವರ್ತೂರು ಹುಲ್ಲು

ನಮ್ಮಪ್ಪ ಎರಡು ಹಸು ಕಟ್ಟಿಕೊಂಡು ಕೆರೆ ಅಂಚಿನ ಹುಲ್ಲು ಕೊಯ್ದೇ ನಮ್ಮನ್ನು ಓದಿಸಿದವರು. ಸೊಂಟದ ತನಕ ನೀರಿಗಿಳಿದು ಹೊರೆ ಕಟ್ಟಿ ತಲೆ ಮೇಲೆ ತರುತ್ತಿದ್ದರು. ಕಾಲಿಗೆ ಕಜ್ಜಿ ಬಿಟ್ಟ ದಿನವಿಲ್ಲ. ಆಮೇಲೆ ಸುತ್ತಮುತ್ತಲಿನ ಎಷ್ಟೋ ಕೆರೆಗಳಿಗೆ ಬೇಲಿ, ಗೇಟು, ನಡಿಗೆ ಪಥ ಬಂದವು, ಹುಲ್ಲು ಕೊಯ್ಯಬಾರದು ಎಂಬ ಫಲಕ ಬಂತು. ಈಗ ಅದೇ ಹುಲ್ಲನ್ನು ಯಂತ್ರದಲ್ಲಿ ತೆಗೆಸಿ ಲಾರಿಯಲ್ಲಿ ಸಾಗಿಸುತ್ತಾರೆ.

ಮೇವಿನ ವಿಷಯಕ್ಕೆ ಬಂದರೆ, ಮನೆ ಕೊಳಚೆಯ ಹುಲ್ಲಿಗೂ ಕಾರ್ಖಾನೆ ನೀರಿನ ಹುಲ್ಲಿಗೂ ಅಜಗಜಾಂತರ. ಪೀಣ್ಯದ ಕಡೆಯ ನೀರು ಸೇರುವ ವೃಷಭಾವತಿಯಲ್ಲಿ, ಬೈರಮಂಗಲದ ಬಯಲಿನಲ್ಲಿ ಏನಾಗಿದೆ ಎಂದು ಆ ಕಡೆಯ ರೈತರನ್ನು ಕೇಳಿ. ನಿಮ್ಮ ಚರಂಡಿಗೆ ಬಣ್ಣದ ಅಂಗಡಿ, ಗ್ಯಾರೇಜು, ಲೋಹಕ್ಕೆ ಲೇಪ ಹಾಕುವ ಶೆಡ್ಡು ಯಾವುದಾದರೂ ಸೇರುತ್ತದೆಯೇ ಎಂದು ಮೊದಲು ನೋಡಿ. ಸೇರಿದರೆ ಮೇವಿನ ಮಾತು ಬಿಟ್ಟುಬಿಡಿ.

ನರಸಾಪುರ ರೈತ

ಕೋಲಾರದವನ ಎರಡು ಮಾತು. ನಿಮ್ಮ ಬೆಂಗಳೂರಿನ ಬಚ್ಚಲು ನೀರೇ ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿಯಿಂದ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲ ಯೋಜನೆ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಪೂಜೆ ಮಾಡಿದರು, ಮರುತಿಂಗಳು ನೊರೆ ಕಂಡು ಕೋರ್ಟಿಗೂ ಹೋದರು. ಎರಡೂ ನಮ್ಮವರೇ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಕಡೆ ಈಗ ಬಾವಿಯಲ್ಲಿ ನೀರಿದೆ, ಅದು ಸುಳ್ಳಲ್ಲ. ಆ ನೀರಿನಲ್ಲಿ ಸೊಪ್ಪು ತೊಳೆಯಲು ನನ್ನ ಹೆಂಡತಿ ಒಪ್ಪುವುದಿಲ್ಲ, ಅದೂ ಸುಳ್ಳಲ್ಲ. ನಿಮ್ಮ ಪಾತಿಯ ನೀರನ್ನು ಬಾಳೆಗೆ, ತೆಂಗಿಗೆ, ಹೂವಿಗೆ ಬಿಡಿ. ಕೊತ್ತಂಬರಿಗೆ ಬೇಡ.

ಕೋಡಿ ನೀರು

ಅದು ಸರಿಯಾದ ಎಚ್ಚರಿಕೆ. ನೀರು ಕಣ್ಣಿಗೆ ತಿಳಿಯಾದರೂ ರೋಗಾಣು ಪೂರ್ತಿ ಹೋಗಿರುವುದಿಲ್ಲ. ಹಸಿಯಾಗಿ ತಿನ್ನುವ ಯಾವುದಕ್ಕೂ ಬೇಡ. ಪಾತಿಯ ಅಂಚಿನಲ್ಲಿ ಕೆಸು ಹುಟ್ಟಿಕೊಂಡರೆ ಅದನ್ನು ಪತ್ರೊಡೆಗೆ ಕೊಯ್ಯಲೂ ಬೇಡ!

ದೇವನಹಳ್ಳಿ ದಾರಿ

ಯಾರೂ ಹೂಳಿನ ಬಗ್ಗೆ ಬರೆದಿಲ್ಲ. ಟ್ಯಾಂಕ್ ತಳದಲ್ಲಿ ಹೂಳು ಕೂತೇ ಕೂರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ತೆಗೆಸದಿದ್ದರೆ ಅದು ಜಲ್ಲಿಗೆ ಬಂದು ಪಾತಿ ಸಾಯುತ್ತದೆ. ಹೀರುವ ಲಾರಿ ಟ್ಯಾಂಕ್ ಹತ್ತಿರ ಬರುವಷ್ಟು ದಾರಿ ನಕ್ಷೆಯಲ್ಲೇ ಇರಲಿ. ದಾರಿ ಇಲ್ಲದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು: ಯಾರೋ ಒಬ್ಬನಿಗೆ ಕ್ವಾರ್ಟರ್ ಕುಡಿಸಿ ಒಳಗಿಳಿಸುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ, ಮುಚ್ಚಿದ ಟ್ಯಾಂಕಿನ ಗಾಳಿಯಲ್ಲಿ ಸಾವು ನಿಮಿಷದ ಮಾತು.

ಲಾರಿ ಆ ಹೂಳನ್ನು ಎಲ್ಲಿ ಸುರಿಯುತ್ತದೆ ಎಂದೂ ಕೇಳಿ. ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೆಂದೇ ಘಟಕವಿದೆ, ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯ. ಅಲ್ಲಿ ಹೂಳನ್ನು ಒಣಗಿಸಿ, ಊರಿನ ಹಸಿಕಸದ ಜೊತೆ ಗೊಬ್ಬರ ಮಾಡುತ್ತಾರೆ. ಸೋರಿದ ನೀರು ನೀವು ಹೇಳುತ್ತಿರುವಂಥ ಗಿಡದ ಜಲ್ಲಿ ಪಾತಿಯಲ್ಲಿ ಹಾದು ಹೋಗುತ್ತದೆ. ಕೆಂಗೇರಿ ಹತ್ತಿರ ಕೊಮ್ಮಘಟ್ಟದ ಬೀಡಿ ಕಾರ್ಮಿಕರ ಕಾಲೊನಿಯಲ್ಲೂ ಕೊಳಚೆಯನ್ನು ಅಲ್ಲಲ್ಲೇ ಸಂಸ್ಕರಿಸುವ ಇದೇ ರೀತಿಯ ವಿಕೇಂದ್ರೀಕೃತ ವ್ಯವಸ್ಥೆ ಮಾಡಿದ್ದರು. ಎರಡನ್ನೂ ಕಣ್ಣಾರೆ ನೋಡಿ ಬನ್ನಿ.

ತೂಬು

ಹೊನಗೊನ್ನೆ ಅವರ ಮಾತಿಗೆ ಒಂದು ಹಳೆಯ ಎಳೆ ಸೇರಿಸುತ್ತೇನೆ. ಕೆರೆ ಇದ್ದ ಊರಲ್ಲೆಲ್ಲ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವುದು, ಏರಿಯಲ್ಲಿ ಬಿಲ ಬಿದ್ದರೆ ಮುಚ್ಚುವುದು. ಆತ ಊರಿನ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದ ಎಂದು ಈಗ ಹಾಡಿ ಹೊಗಳುತ್ತಾರೆ. ಇನಾಮು ಭೂಮಿ ಇತ್ತು, ಸುಗ್ಗಿಯಲ್ಲಿ ಕಣದಿಂದ ಆತನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಆ ಪಾಲು ನಿಂತ ಊರಿನಲ್ಲಿ ನೀರುಗಂಟಿಯ ಮಗ ಬೆಂಗಳೂರಿಗೆ ಬಂದು ಸೆಕ್ಯುರಿಟಿ ಗಾರ್ಡ್ ಆದ. ನನ್ನ ತಾತ ನೀರುಗಂಟಿ. ಉಳಿದದ್ದು ನೀವೇ ಊಹಿಸಿಕೊಳ್ಳಿ.

ಇನ್ನೊಂದು ಕಸಿವಿಸಿ. ಆ ಕೆಲಸ ಬಹಳ ಕಡೆ ಒಂದೇ ಜಾತಿಯವರ ಪಾಲಿಗೆ ಬಂದಿತ್ತು. ಕೊಳಚೆ ಪಾತಿಯ ಕುಂಟೆಯೂ ಅದೇ ಕೇರಿಯವರ ಕೈಗೇ ಹೋಗದಂತೆ ನೋಡಿಕೊಳ್ಳಿ. ಸಂಬಳ ಗೌರವವಾಗಿದ್ದರೆ ಬೇರೆಯವರೂ ಬರುತ್ತಾರೆ.

ನಗರವಾಸಿ_ಜಯನಗರ

ಮೇಲಿನ ನನ್ನ ಮಾತು ಅವಸರದ್ದಾಯಿತು. ಒಪ್ಪಿಕೊಳ್ಳುತ್ತೇನೆ. ಆದರೆ ಪಾತಿಯಿಂದಲೇ ಆ ಸಂಬಳ ಹುಟ್ಟುವುದಿಲ್ಲವೇ? ಹೂವು, ಲಾವಂಚ?

ವರ್ತೂರು ಹುಲ್ಲು

ಕಾಬಾಳೆ ಹೂವು ಕೆ.ಆರ್. ಮಾರುಕಟ್ಟೆಯಲ್ಲಿ ಕೊಳ್ಳುವವರು ಯಾರು? ಬೆಳಿಗ್ಗೆ ಕಿತ್ತರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಲಾವಂಚದ ಬೇರು ತೆಗೆಯಬೇಕಾದರೆ ಜಲ್ಲಿಯನ್ನೆಲ್ಲ ಅಗೆಯಬೇಕು. ಹುಲ್ಲು ಬರುತ್ತದೆ, ಒಂದು ಹಸುವಿಗೆ ಆಗುವಷ್ಟು. ಅದು ಆದಾಯವಲ್ಲ, ಎಲೆಯಡಿಕೆ ಖರ್ಚು.

ಕಾಲುವೆ ದಂಡೆ (ಮೂರು ವಾರದ ನಂತರ)

ಎಲ್ಲರ ಮಾತನ್ನೂ ಮುದ್ರಿಸಿ ಸಂಘದ ಸಭೆಯಲ್ಲಿ ಓದಿದೆ. ಆಮೇಲೆ ಕೋಡಿ ನೀರು ಸರ್ ಖಾಸಗಿಯಾಗಿ ಹೇಳಿಕೊಟ್ಟ ಹಾಗೆ ಒಂದು ಭಾನುವಾರ ಅಳತೆ ಮಾಡಿದೆವು. ಟ್ಯಾಂಕಿಗೆ ಬೀಳುವ ಕೊಳವೆಯ ಬಾಯಿಗೆ 20 ಲೀಟರಿನ ಬಣ್ಣದ ಡಬ್ಬ ಹಿಡಿದು, ಮೊಬೈಲಿನಲ್ಲಿ ಸಮಯ ನೋಡುವುದು. ನಾನು, ಮೇಸ್ತ್ರಿ ಒಬ್ಬರು, ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು. ಬೆಳಿಗ್ಗೆ ಆರೂವರೆಗೆ ಡಬ್ಬ 14 ಸೆಕೆಂಡಿನಲ್ಲಿ ತುಂಬಿತು. ಮಧ್ಯಾಹ್ನ ಎರಡಕ್ಕೆ ನಾಲ್ಕು ನಿಮಿಷ ಹಿಡಿಯಿತು. ಹುಡುಗಿಯರು ಪಟ್ಟಿ ಬರೆದರು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ನಗುತ್ತಲೇ ಬರೆದರು. ಎಂಟೂವರೆಗೆ ಇದ್ದಕ್ಕಿದ್ದಂತೆ ನೀರು ಕೆಂಪಾಗಿ ಬಂತು, ಮೇಲೆ ಜಿಡ್ಡಿನ ಪದರ. ತಿರುವಿನ ಕೋಳಿ ಅಂಗಡಿ. ಅವರ ಚರಂಡಿ ನಮ್ಮ ಕೊಳವೆಗೆ ಸೇರಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಕಂಪನಿಯವರ ಜೊತೆಗೂ ಮಾತಾಯಿತು. ಐದು ವರ್ಷ ಒಬ್ಬರ ಸಂಬಳ, ಎರಡು ಸಲ ಹೂಳೆತ್ತುವ ಖರ್ಚು ಇವೆರಡನ್ನೂ ಬ್ಯಾಂಕಿನಲ್ಲಿ ಇಟ್ಟ ಮೇಲೆ ಜಲ್ಲಿ ಇಳಿಸಿ ಎಂದು ಸಂಘದ ಹೆಂಗಸರೇ ಹೇಳಿದರು. ಬಂದವರು ಒಳ್ಳೆಯ ಹುಡುಗ, ಮುಖ ಸಣ್ಣದು ಮಾಡಿಕೊಂಡು, ಕಟ್ಟಲು ಹಣವಿದೆ, ಸಂಬಳಕ್ಕೆ ನಿಯಮವಿಲ್ಲ, ಕೇಳಿ ಹೇಳುತ್ತೇನೆ ಎಂದು ಹೋದ. ಇನ್ನೂ ಹೇಳಿಲ್ಲ. ನಾವು ಮನೆಗೆ ತಿಂಗಳಿಗೆ 50 ರೂಪಾಯಿ ಹಾಕಿದರೆ 4,200 ಆಗುತ್ತದೆ, ಆದರೆ ಬಾಡಿಗೆಗೆ ಇರುವವರು ಕೊಡುವುದಿಲ್ಲ ಎನ್ನುತ್ತಿದ್ದಾರೆ. ಜಗಳ ನಡೆದಿದೆ. ಆಯುಧಪೂಜೆಯ ಚಂದಾ ಜಗಳದಷ್ಟು ದೊಡ್ಡದಲ್ಲ.

ಅಷ್ಟರಲ್ಲಿ ಸಾರ್ವಜನಿಕ ನಲ್ಲಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ನೀರಿಗೆ ಒಂದು ಚಿಕ್ಕ ಪಾತಿ ಮಾಡುತ್ತಿದ್ದೇವೆ. 12×6 ಅಡಿ. ಮೇಸ್ತ್ರಿ ತಮ್ಮ ಕೆಲಸದ ಜಾಗದಲ್ಲಿ ಉಳಿದ 20 ಎಂಎಂ ಜಲ್ಲಿ ತಂದಿದ್ದಾರೆ, ಕೆಳಗೆ ಹಾಸಲು ಹಳೆಯ ಫ್ಲೆಕ್ಸ್ ಬ್ಯಾನರ್. ಅದು ತೂತಾದರೆ ಏನು ಮಾಡುವುದು?

ಕೋಡಿ ನೀರು

ಆಗುತ್ತದೆ. ಫ್ಲೆಕ್ಸ್ ಬೇಡ, ಕೃಷಿಹೊಂಡಕ್ಕೆ ಹಾಸುವ ದಪ್ಪ ಹಾಳೆ ತನ್ನಿ, ಮೇಲೆ ಕೆಳಗೆ ಎರಡಂಗುಲ ಮರಳು ಹಾಕಿ. ಒಳಬಾಯಿಯಲ್ಲಿ ದೊಡ್ಡ ಕಲ್ಲು, ಆಮೇಲೆ ಸಣ್ಣ ಜಲ್ಲಿ. ಹೊರಬಾಯಿಯ ಕೊಳವೆಗೆ ಮೇಲೆ ಕೆಳಗೆ ತಿರುಗಿಸಬಹುದಾದ ಬಾಗು ಕೊಡಿ, ನೀರಿನ ಮಟ್ಟ ನಿಮ್ಮ ಕೈಯಲ್ಲಿರುತ್ತದೆ. ಕೋಳಿ ಅಂಗಡಿಯ ಜಿಡ್ಡು ತಡೆಯುವ ಗುಂಡಿಯ ಚಿತ್ರ ಬರೆದು ಕಳುಹಿಸುತ್ತೇನೆ. ಅದರ ಖರ್ಚು ಅಂಗಡಿಯವನದ್ದು.

ಹೊನಗೊನ್ನೆ

ಅಣ್ಣ, ಗಿಡಕ್ಕೆ ನರ್ಸರಿಗೆ ದುಡ್ಡು ಕೊಡಬೇಡಿ. ನಮ್ಮ ಸ್ಕೂಟರ್ ಜಾಗದ ಮೂಲೆಯಲ್ಲಿ ಕಾಬಾಳೆ ಗಡ್ಡೆ ಬೇಕಾದಷ್ಟಿದೆ. ಆ ಅಕ್ಕನಿಗೂ ಹೇಳಿದ್ದೇನೆ, ಎಲ್ಲಿ ಅಗೆದರೆ ಒಳ್ಳೆಯ ಗಡ್ಡೆ ಸಿಗುತ್ತದೆ ಎಂದು ಅವಳಿಗೇ ಗೊತ್ತು. ಶನಿವಾರ ಅವಳಿಗೆ ಮಧ್ಯಾಹ್ನದ ಮೇಲೆ ಬಿಡುವು. ನಾಲ್ಕು ಗಂಟೆಗೆ ಬನ್ನಿ, ಗೋಣಿಚೀಲ ನೀವೇ ತನ್ನಿ.